ಆಣಿ, ಆಣೆ ಮತ್ತು ಅತ್ತೆ

ಗೋಡೆಗೂ ಕಿವಿ ಉಂಟು ಎಂದು ಹಿರಿಯರು ಹೇಳಿದ್ದಾರೆ. ಅವರು ಫಳ್ನೀರಿನ ನಮ್ಮ ಬಾಡಿಗೆ ಮನೆ ನೋಡಿರಲಿಲ್ಲ. ನೋಡಿದ್ದರೆ ಗೋಡೆಗೆ ಹೊಟ್ಟೆಯೂ ಉಂಟು ಎಂದು ಸೇರಿಸುತ್ತಿದ್ದರು. ನಮ್ಮ ನಡುಮನೆಯ ಗೋಡೆ ಒಂದೇ ಬೇಸಗೆಯಲ್ಲಿ ತಿಂದು ಹಾಕಿದ ಆಣಿಗಳಲ್ಲಿ ಒಂದು ದೋಣಿ ಕಟ್ಟಬಹುದಿತ್ತು. (ಮೈಸೂರು ಕಡೆಯವರು ಆಣಿಗೆ ಮೊಳೆ ಎನ್ನುತ್ತಾರಂತೆ. ಮೊಳೆ ಎಂದರೆ ಕುರ್ಚಿಯಲ್ಲಿ ಕೂರಲಾಗದ ಒಂದು ಕಾಯಿಲೆಯ ಹೆಸರೂ ಹೌದು. ಆದ್ದರಿಂದ ನಾನು ಆಣಿ ಎಂದೇ ಬರೆಯುತ್ತೇನೆ.)

ನಾನು ನೊರ್ಬರ್ಟ್, ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಸುಟ್ಟು ಬಂದ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಇದು ಗಟ್ಟಿ, ಇದು ಬಿರುಕು ಎಂದು ಬೇರೆ ಮಾಡಿಸುವುದು ನನ್ನ ಕೆಲಸ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಕೂಡ ನನ್ನ ಕಿವಿಯಿಂದ ತಪ್ಪಿಸಿಕೊಳ್ಳುವುದಿಲ್ಲ. ಹೀಗೆ ವರ್ಷಗಟ್ಟಲೆ ಎಲ್ಲವನ್ನೂ ಬಡಿದು ನೋಡಿ ನೋಡಿ ನನಗೆ ಸಂಶಯವೇ ಸ್ವಭಾವವಾಗಿದೆ. ಹಾಲಿನವಳ ಹಾಲು, ಮೀನಿನವಳ ಎಣಿಕೆ, ಪಾದ್ರಿಗಳ ಪ್ರಸಂಗ, ಎಲ್ಲವನ್ನೂ ಒಮ್ಮೆ ಬಡಿದು ನೋಡುತ್ತೇನೆ. (ಪ್ರಸಂಗವನ್ನು ಮನಸ್ಸಿನಲ್ಲೇ.)

ಇನ್ನು ಆ ಗೋಡೆಯ ವಿಷಯ. ಮನೆಯ ಧಣಿಗಳು ಒಂದು ಕಾಲದಲ್ಲಿ ಒಂದೇ ಆಗಿದ್ದ ಉದ್ದನೆಯ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದರು. ಬಾಡಿಗೆ ಎರಡಾಯಿತು, ಗೋಡೆ ಮಾತ್ರ ಅರ್ಧ. ಅಂದರೆ ಅರ್ಧ ಇಟ್ಟಿಗೆಯ ದಪ್ಪ. ಇಟ್ಟಿಗೆಯ ನಡುವೆ ಮಣ್ಣು ಮೆತ್ತಿ, ಮೇಲಿಂದ ಸುಣ್ಣದ ಗಾರೆ ಬಳಿದು, ಮರ್ಯಾದಸ್ಥ ಗೋಡೆಯ ವೇಷ ಹಾಕಿಸಿದ್ದರು. ಆಚೆ ಮನೆಯವರು ಸೀನಿದರೆ ಈಚೆ ನಾವು ದೇವರ ಹೆಸರು ಹೇಳುತ್ತೇವೆ.

ಆಚೆ ಮನೆಯಲ್ಲಿ ಮಾಯಿಲಪ್ಪ, ಅವರ ಹೆಂಡತಿ ಕುಶಲಾ. ಮಾಯಿಲಪ್ಪ ಬಸ್ ಕಂಪೆನಿಯಲ್ಲಿ ಚೆಕ್ಕಿಂಗ್ ಇನ್‌ಸ್ಪೆಕ್ಟರ್. ನಾನು ಸಂಶಯಪಡುವುದು ಪುಕ್ಕಟೆ, ಅವರಿಗೆ ಅದಕ್ಕೆ ಸಂಬಳ ಉಂಟು.

ಈಚೆ ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಗೆರ್ಟ್ರೂಡ್, ಇಬ್ಬರೇ. ನಮ್ಮ ಕೊಂಕಣಿ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. 'ಆಯ್ಕಲೆಂಗಿ' ಅನ್ನುತ್ತಾಳೆ, ಕನ್ನಡದಲ್ಲಿ ಹೇಳುವುದಾದರೆ 'ಕೇಳಿತಾ?' ಹಾಗಾಗಿ ಮನೆಯಲ್ಲಿ ನನ್ನ ನಾಮಧೇಯ ಕೇಳಿತಾ. "ಕೇಳಿತಾ, ಅಕ್ಕಿ ಮುಗಿದಿದೆ." "ಕೇಳಿತಾ, ಬಾವಿಯ ಹಗ್ಗ ತುಂಡಾಗಿದೆ." ನಾನು ಪೇಪರಿನ ಹಿಂದಿನಿಂದ "ಹುಂ" ಅನ್ನುತ್ತೇನೆ. ಸಂಸಾರ ಸುಖವಾಗಿ ನಡೆಯುತ್ತಿತ್ತು.

ಹೀಗಿರುವಾಗ ಈಸ್ಟರ್ ಮುಗಿಸಿಕೊಂಡು ಕಿನ್ನಿಗೋಳಿಯಿಂದ ಗೆರ್ಟಿಯ ತಾಯಿ ಮಗ್ದಲೀನ್ ಬಾಯಿ, ಅಂದರೆ ನನ್ನ ಅತ್ತೆ, ಚಿತ್ತೈಸಿದರು. ಎರಡು ದಿನಕ್ಕೆಂದು ಬಂದದ್ದು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಹಲಸಿನಹಣ್ಣು. ಕಾಲು ತೊಳೆದು, ನೀರು ಕುಡಿದು, ಕೇಳಿದ ಮೊದಲ ಪ್ರಶ್ನೆ: "ಮದುವೆಗೆ ನಾನು ಕೊಟ್ಟ ಪಟ ಎಲ್ಲುಂಟು?"

ಅದು ಯೇಸುವಿನ ಪವಿತ್ರ ಹೃದಯದ ಪಟ. ಬೀಟೆಮರದ ಚೌಕಟ್ಟು, ದಪ್ಪ ಗಾಜು, ಬಚ್ಚಲಿನ ಹಂಡೆಯಷ್ಟು ಭಾರ. ಮದುವೆಯಾದಂದಿನಿಂದ ಅದು ಕಪಾಟಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿತ್ತು. ಅತ್ತೆ ಅದನ್ನು ಎಳೆದು ತೆಗೆದು, ಸೆರಗಿನಿಂದ ಧೂಳು ಒರೆಸಿ, ನನ್ನನ್ನು ನೋಡಿದರು.

"ದೇವರನ್ನು ಮೂಲೆಯಲ್ಲಿ ನಿಲ್ಲಿಸಿದ್ದೀಯಲ್ಲ ಪುತಾ, ದೇವರು ಎಂತ ತಪ್ಪು ಮಾಡಿದ್ದು?"

"ಮಾಂಯ್, ಈ ಗೋಡೆ ಸ್ವಲ್ಪ..."

"ಗೋಡೆಯ ಮೇಲೆ ಹಾಕಬೇಡ. ಗೋಡೆಯ ಮೇಲೆ ಪಟ ಹಾಕು. ಈ ಪಟ ಒಂದು ಆದಿತ್ಯವಾರದಿಂದ ಇನ್ನೊಂದು ಆದಿತ್ಯವಾರದವರೆಗೆ ಗೋಡೆಯಲ್ಲಿ ಭದ್ರ ನಿಲ್ಲಬೇಕು. ಅದನ್ನು ಕಣ್ಣಾರೆ ನೋಡದೆ ನಾನು ಕಿನ್ನಿಗೋಳಿಯ ಬಸ್ಸು ಹತ್ತುವುದಿಲ್ಲ. ದೇವರಾಣೆ!"

ಆಣಿ ನಿಂತರೆ ಆಣೆ ಮುಗಿಯಿತು. ಆಣಿ ನಿಲ್ಲದಿದ್ದರೆ ಅತ್ತೆ ನಿಂತರು.

ಅತ್ತೆ ಒಳ್ಳೆಯವರು, ಅದರಲ್ಲಿ ಸಂಶಯವಿಲ್ಲ. (ಇಲ್ಲ ಎಂದೇ ಇಟ್ಟುಕೊಳ್ಳಿ.) ಆದರೆ ಅವರು ಬಂದ ದಿನವೇ ನನ್ನ ಆರಾಮ ಕುರ್ಚಿ ಅವರದಾಯಿತು. ಸಂಜೆ ಇಗರ್ಜಿಯ ಗಂಟೆ ಹೊಡೆಯುವಾಗ ನಾನು ಮನೆಯಲ್ಲಿ ಮೊಣಕಾಲೂರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳಬೇಕು. ಎಲ್ಲಕ್ಕಿಂತ ದೊಡ್ಡ ನಷ್ಟ ಕಂಕನಾಡಿಯಲ್ಲಿ ರುಡೊಲ್ಫನ ಮನೆಯ ಇಸ್ಪೀಟು. ಶನಿವಾರ ಸಂಜೆ ಅಲ್ಲಿ ನಾಲ್ಕು ಕುರ್ಚಿ ಹಾಕುತ್ತಾರೆ, ಒಂದು ನನ್ನದು. (ಶನಿವಾರ ಎಂದು ಹೇಳಿದೆ. ವಾರದ ಉಳಿದ ಸಂಜೆಗಳ ವಿಚಾರ ಇಲ್ಲಿ ಅಪ್ರಸ್ತುತ.) ನಾನು ಹೋಗದಿದ್ದ ಮೊದಲ ಶನಿವಾರವೇ ರುಡೊಲ್ಫ್ ಹೇಳಿ ಕಳುಹಿಸಿದ: ನಿನ್ನ ಕುರ್ಚಿಯಲ್ಲಿ ತಾತ್ಕಾಲಿಕವಾಗಿ ಎಡ್ವಿನ್ ಕೂತಿದ್ದಾನೆ. ತಾತ್ಕಾಲಿಕ ಎಂಬ ಶಬ್ದದ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಒಮ್ಮೆ ಕೂತವನು ಗೂಟ ಹೊಡೆದುಕೊಂಡು ಕೂತರೆ ನನ್ನ ಗತಿ?

ಸುತ್ತಿಗೆ ಎತ್ತಿಕೊಂಡೆ.

"ಕೇಳಿತಾ, ಆಚಾರಿಯನ್ನು ಕರೆಸುವಾ," ಅಂದಳು ಗೆರ್ಟಿ.

"ಒಂದು ಆಣಿಗೆ ಆಚಾರಿಯಾ? ನಾನೆಂತ ಗಂಡಸಲ್ವಾ?"

"ಗಂಡಸು ಹೌದು. ಆಚಾರಿ ಅಲ್ಲ."

ಸ್ಟೂಲು ಹತ್ತಿ ಬೆರಳಿನಷ್ಟು ಉದ್ದದ ಆಣಿಯೊಂದನ್ನು ಗೋಡೆಗಿಟ್ಟು ಹೊಡೆದೆ. ಬಾಳೆಹಣ್ಣಿಗೆ ಹೊಕ್ಕ ಹಾಗೆ ಹೊಕ್ಕಿತು. ಇಷ್ಟು ಸುಲಭದಲ್ಲಿ ಆಗುವ ಕೆಲಸವನ್ನು ನಂಬಬಾರದು ಎಂದು ನನ್ನ ಒಳಮನಸ್ಸು ಹೇಳಿತು. ಅಷ್ಟರಲ್ಲಿ ಗೋಡೆಯ ಆಚೆಯಿಂದ 'ಟಕ್ ಟಕ್' ಎಂದು ಎರಡು ಪೆಟ್ಟು ಕೇಳಿಸಿತು. ನಾನು ಹೊಡೆದದ್ದಲ್ಲ. ಇರಲಿ, ನೋಡುವಾ, ಎಂದುಕೊಂಡು ಪಟ ತೂಗು ಹಾಕಿದೆ. ಅತ್ತೆ ಕೈ ಮುಗಿಯಲು ಹೋದರು. ಅವರ ಎರಡು ಕೈ ಒಂದಕ್ಕೊಂದು ತಾಗುವ ಮೊದಲೇ ಗೋಡೆಯಿಂದ ದೋಸೆಯಗಲದ ಗಾರೆಯ ಚಕ್ಕೆ, ಅದರ ಹಿಂದೆ ಆಣಿ, ಆಣಿಯ ಹಿಂದೆ ಪಟ, ಎಲ್ಲ ಮೆರವಣಿಗೆಯಾಗಿ ಇಳಿದು ಬಂದವು. ಪಟವನ್ನು ನಾನು ಎದೆಯಿಂದ ತಡೆದೆ. ಗಾಜು ಉಳಿಯಿತು. ಎದೆಗೆ ಮೂರು ದಿನ ಎಣ್ಣೆ ಹಚ್ಚಬೇಕಾಯಿತು.

"ಎಲ್ಲರ ಮನೆ ದೋಸೆಯೂ ತೂತು ಅಂತಾರೆ," ಅಂದಳು ಗೆರ್ಟಿ ಗೋಡೆ ನೋಡಿಕೊಂಡು. "ನಮ್ಮದು ಗೋಡೆಯೇ ತೂತು."

ಮರುದಿನ ಬಂದರಿನ ಕಬ್ಬಿಣದ ಅಂಗಡಿಗೆ ಹೋದೆ. ಅಂಗಡಿಯ ಜಮಾಲುದ್ದೀನ್ ಸಾಹೇಬರು ನನ್ನ ಕಥೆ ಕೇಳಿ, ಕಣ್ಣು ಮುಚ್ಚಿ, ಒಂದು ಗೋಡೆಯ ಸಾವಿನ ಸುದ್ದಿ ಕೇಳಿದವರಂತೆ ತಲೆಯಾಡಿಸಿದರು.

"ಇಟ್ಟಿಗೆಗೆ ಹೊಡೆದರೆ ಅದಕ್ಕೆ ಕೋಪ ಬರ್ತದೆ ಪೊರ್ಬುಗಳೇ. ಮೊದಲು ಚಾಣದಲ್ಲಿ ಸಣ್ಣ ಗುಳಿ ಮಾಡಿ. ಸಂದಿನ ಮಣ್ಣಿಗೆ ಅಲ್ಲ, ಇಟ್ಟಿಗೆಯ ಹೊಟ್ಟೆಗೆ. ಗುಳಿಗೆ ಒಣಗಿದ ಮರದ ಬೆಣೆ ಬಡೀರಿ. ಬೆಣೆಗೆ ಸ್ಕ್ರೂ ಕೊಡಿ. ಹೊಡೀಲಿಕ್ಕಿಲ್ಲ, ತಿರುಗಿಸ್ಲಿಕ್ಕೆ. ಮೆಲ್ಲ, ಹೆಂಡತಿ ಹತ್ತಿರ ಮಾತಾಡಿದ ಹಾಗೆ."

(ಊರಿನ ಉಳಿದವರು ನಮ್ಮ ಕೊಂಕಣಿ ಕ್ರೈಸ್ತರನ್ನು ಪೊರ್ಬುಗಳೇ ಎಂದೇ ಕರೆಯುವುದು.) ಕೊನೆಯ ಮಾತಿನ ಮೇಲೆ ನನಗೆ ಸ್ವಲ್ಪ ಸಂಶಯ ಬಂತು. ಇವರಿಗೆ ಯಾರಾದರೂ ಏನಾದರೂ ಹೇಳಿದ್ದಾರೋ? ಕೇಳಲಿಲ್ಲ. ಚಾಣ, ಸ್ಕ್ರೂ, ಸ್ಕ್ರೂಡ್ರೈವರ್ ಎಲ್ಲ ಕಟ್ಟಿಸಿಕೊಂಡು ಬಂದೆ.

ಹಲಸಿನ ಮರದ ತುಂಡೊಂದನ್ನು ಕೆತ್ತಿ ಬೆಣೆ ಮಾಡಿದೆ. ಹಳೆಯ ತೂತನ್ನು ಸುಣ್ಣ, ಮರಳು ಕಲಸಿ ಮುಚ್ಚಿದೆ. ಅದರ ಪಕ್ಕದಲ್ಲಿ ಇಟ್ಟಿಗೆಯ ಹೊಟ್ಟೆ ಹುಡುಕಿ, ಬೆರಳಿನಿಂದ ಬಡಿದು ಸದ್ದು ಕೇಳಿ, ಗುಳಿ ತೆಗೆದು, ಬೆಣೆ ಬಡಿದು, ಸ್ಕ್ರೂ ತಿರುಗಿಸಿದೆ. ಅರ್ಧ ದಿನ ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಆದಿತ್ಯವಾರ ಇಗರ್ಜಿಯಿಂದ ಬಂದು ಪಟ ತೂಗು ಹಾಕಿದೆವು. ಜಗ್ಗಿ ನೋಡಿದೆ, ಅಲುಗಾಡಲಿಲ್ಲ. ನೇತಾಡಿ ನೋಡುವ ಆಸೆಯಾಯಿತು, ದೇವರ ಪಟವೆಂದು ಬಿಟ್ಟೆ.

ಅಂದಿನಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಪಟದ ಹಿಂದೆ ಕೈ ಹಾಕಿ ಸ್ಕ್ರೂ ಮುಟ್ಟಿ ನೋಡುವುದು ನನ್ನ ಪ್ರಾತರ್ವಿಧಿಯಾಯಿತು. ಸೋಮವಾರ ಗಟ್ಟಿ. ಮಂಗಳವಾರ ಗಟ್ಟಿ. ಬುಧವಾರ ಬೆಳಿಗ್ಗೆಯೂ ಗಟ್ಟಿ. ಬುಧವಾರ ಸಂಜೆ ಕಾರ್ಖಾನೆಯಿಂದ ಬಂದರೆ ಪಟ ನೆಲದಲ್ಲಿ!

"ಅಯ್ಯೋ, ಎಂತ ಹೇಳುವುದು!" ಗೆರ್ಟಿ ಎದೆ ಹಿಡಿದುಕೊಂಡಳು. "ಮಾಂಯ್ ಇಗರ್ಜಿಗೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರೀತಾ ಇದ್ದೆ. ಧಡ್ ಅಂತ ಬಿತ್ತು! ಪುಣ್ಯಕ್ಕೆ ಕೆಳಗೆ ಒಗೆದ ಬಟ್ಟೆಯ ರಾಶಿ ಇತ್ತು."

"ಅದು ದೇವರ ಮಹಿಮೆ," ಅಂದರು ಅತ್ತೆ, ಬಟ್ಟೆಯ ರಾಶಿಗೆ ಶಿಲುಬೆಯ ಗುರುತು ಮಾಡಿ.

ನಾನು ಮಹಿಮೆಯನ್ನು ಬಿಟ್ಟು ಗೋಡೆಯನ್ನು ನೋಡಿದೆ. ಬೆಣೆ ಇದ್ದಲ್ಲೇ ಇತ್ತು. ಸ್ಕ್ರೂ ಮಾತ್ರ ನೆಲದಲ್ಲಿ, ಮೈಗೆ ಒಂದು ಗೀರೂ ಇಲ್ಲದೆ ಬಿದ್ದಿತ್ತು. ಆಗ ನೆನಪಾಯಿತು: ಟಕ್ ಟಕ್! ಇದು ಗೋಡೆಯ ಕೆಲಸವಲ್ಲ, ಗೋಡೆಯ ಆಚೆಯವರ ಕೆಲಸ. ಹಿಂದಿನಿಂದ ಬಡಿದು ಬಡಿದು ಸ್ಕ್ರೂ ಸಡಿಲ ಮಾಡುತ್ತಿದ್ದಾರೆ. ಯಾಕೆ? ನಾವು ಮನೆ ಬಿಟ್ಟು ಹೋಗಲಿ ಎಂದೇ? ನಮ್ಮ ಭಾಗವೂ ತಮಗೆ ಸಿಗಲಿ ಎಂದೇ? ಬಸ್ಸಿನಲ್ಲಿ ಟಿಕೇಟಿಲ್ಲದವರನ್ನು ನಡುದಾರಿಯಲ್ಲಿ ಇಳಿಸಿ ಅಭ್ಯಾಸವಿದ್ದ ಮನುಷ್ಯ, ದೇವರ ಪಟವನ್ನೂ ಇಳಿಸಿದ್ದಾನೆ!

ಜಗಲಿಗೆ ಹೋಗಿ ಕೆಮ್ಮಿದೆ. ಮಾಯಿಲಪ್ಪ ಅವರ ಜಗಲಿಯಲ್ಲಿ ಮೊದಲೇ ನಿಂತಿದ್ದರು.

"ಮಾಯಿಲಪ್ಪಣ್ಣ, ನಿಮ್ಮ ಬದಿಯಿಂದ ಯಾರೋ ಗೋಡೆ ಬಡೀತಾರೆ."

"ನಾನೇ ಬರ್ಬೇಕು ಅಂತಿದ್ದೆ ಪೊರ್ಬುಗಳೇ. ನೀವು ಎಂತ, ನಮ್ಮ ಮನೆಗೆ ಸುರಂಗ ತೋಡುವುದಾ?"

"ಸುರಂಗವಾ? ನಾನು ದೇವರ ಪಟಕ್ಕೆ..."

"ದೇವರ ಹೆಸರು ಎಲ್ಲರೂ ಹೇಳ್ತಾರೆ. ಬಸ್ಸಿನಲ್ಲಿ ಕೂಡ ಹೇಳ್ತಾರೆ. ಒಳಗೆ ಬಂದು ನೋಡಿ."

ಒಳಗೆ ಹೋಗಿ ನೋಡಿದೆ. ಅವರ ಬದಿಯಲ್ಲಿ ಗೋಡೆಯ ಗಾರೆ ಊದಿದ ಕೆನ್ನೆಯ ಹಾಗೆ ಉಬ್ಬಿತ್ತು. ಉಬ್ಬಿನ ಪಕ್ಕದಲ್ಲೇ, ನನ್ನ ಪಟದ ನೇರಕ್ಕೆ, ಅವರೂ ಒಂದು ಆಣಿ ಹೊಡೆದಿದ್ದರು. ಖಾಕಿ ಕೋಟು ನೇತು ಹಾಕಲು.

"ನೀವು ಸುತ್ತಿಗೆ ಎತ್ತಿದ ಕೂಡಲೇ ನನ್ನ ಆಣಿ ಮುಂದೆ ಬರ್ತದೆ. ನಾನು ಎರಡು ಪೆಟ್ಟು ಕೊಟ್ಟು ಒಳಗೆ ಕಳಿಸ್ತೇನೆ. ನೀವು ಬೆಣೆಯೋ ಎಂತದೋ ಬಡಿದ ದಿನ ಆಣಿಯೂ ಹೊರಗೆ, ಕೋಟೂ ಕೆಳಗೆ. ಕೋಟು ತಾನಾಗಿ ಇಳಿದು ಹೋಗುವುದನ್ನು ನನ್ನ ಸರ್ವಿಸಿನಲ್ಲೇ ನೋಡ್ಲಿಲ್ಲ ಮಾರಾಯ್ರೆ!"

ಒಂದೇ ಇಟ್ಟಿಗೆಗೆ ಆಚೆಯಿಂದ ಅವರು, ಈಚೆಯಿಂದ ನಾನು! ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ಪರೀಕ್ಷಿಸಿದೆವು. ಇಬ್ಬರೂ ಕಸುಬಿನಿಂದ ಸಂಶಯದವರು, ಆದ್ದರಿಂದ ಸಂಶಯ ಬೇಗ ತೀರಲಿಲ್ಲ. ಕುಶಲಾ ಕಾಪಿ ತಂದಿಟ್ಟು, ನನ್ನ ಮುಖ ನೋಡಿ, ಸೆರಗು ಬಾಯಿಗಿಟ್ಟು ನಕ್ಕು ಒಳಗೆ ಹೋದರು. ಯಾಕೆ ನಕ್ಕರೋ ತಿಳಿಯಲಿಲ್ಲ. ಅದನ್ನೂ ಸಂಶಯದ ಖಾತೆಗೆ ಸೇರಿಸಿದೆ.

ಕಾಪಿ ಮುಗಿಯುವಾಗ ನನಗೆ ಒಂದು ದಿವ್ಯಜ್ಞಾನವಾಯಿತು. ಎರಡು ಆಣಿ ಯಾಕೆ ಜಗಳಾಡಬೇಕು? ಗೋಡೆಯ ಆಚೆಯಿಂದ ಈಚೆಗೆ ಒಂದೇ ಬೋಲ್ಟು ತೂರಿಸಿದರೆ? ಅವರ ಬದಿಗೆ ಬೋಲ್ಟಿನ ದಪ್ಪ ತಲೆ, ಅದಕ್ಕೆ ಕೋಟು. ನಮ್ಮ ಬದಿಗೆ ಬೋಲ್ಟಿನ ಬಾಲ, ಅದಕ್ಕೆ ಪಟ. ಗೋಡೆಗೆ ಒತ್ತಿ ಹಿಡಿಯಲು ಒಂದು ನಟ್ಟು, ಪಟದ ತಂತಿ ಜಾರದಂತೆ ತುದಿಗೆ ಇನ್ನೊಂದು ನಟ್ಟು. ಮೊನ್ನೆ ಮೊನ್ನೆ ಇಡೀ ನಮ್ಮ ಜಿಲ್ಲೆಯನ್ನೇ ಮದ್ರಾಸಿನಿಂದ ಕಿತ್ತು ಮೈಸೂರಿಗೆ ಜೋಡಿಸಿದರು, ಅದು ನಿಂತಿದೆ. ಒಂದು ಪಟ ನಿಲ್ಲುವುದಿಲ್ಲವೇ?

ಕಾರ್ಖಾನೆಯ ಫಿಟ್ಟರನ ಹತ್ತಿರ ಉದ್ದನೆಯ ಬೋಲ್ಟು ಮಾಡಿಸಿದೆ. ಆದಿತ್ಯವಾರ ನಾನು ಈಚೆಯಿಂದ, ಮಾಯಿಲಪ್ಪ ಆಚೆಯಿಂದ ಕೊರೆದೆವು. ಚಾಣದ ತುದಿಗಳು ಗೋಡೆಯ ನಡುವೆ ಕೂಡಿದಾಗ ಇಬ್ಬರೂ ಒಟ್ಟಿಗೆ "ಹೋ!" ಎಂದೆವು. ಬೋಲ್ಟು ಹೊಕ್ಕಿತು, ನಟ್ಟು ಕೂತಿತು, ಸ್ಪ್ಯಾನರಿನಿಂದ ಹಲ್ಲು ಕಚ್ಚಿ ಬಿಗಿದೆ. ಪಟ ಏರಿತು. ಆನೆ ಬಂದು ಎಳೆದರೆ ಎರಡೂ ಮನೆ ಬರಬೇಕೇ ಹೊರತು ಪಟ ಬರಲಿಕ್ಕಿಲ್ಲ.

ಸೋಮವಾರ ನಿಂತಿತು. ಬುಧವಾರ ದಾಟಿತು. ಗುರುವಾರ ನಾನು ಸಣ್ಣಗೆ ಸಿಳ್ಳೆ ಹಾಕಿದೆ. ಶುಕ್ರವಾರ ಅತ್ತೆಯ ಚೀಲವನ್ನು ಅಟ್ಟದಿಂದ ಇಳಿಸಿ, ಯಾರೂ ಹೇಳದೆಯೇ, ಧೂಳು ಕೊಡವಿ ಇಟ್ಟೆ. ಮುಂದಿನ ಶನಿವಾರ ಬರುತ್ತೇನೆ, ಎಡ್ವಿನ್‌ನನ್ನು ಕುರ್ಚಿಯಿಂದ ಎಬ್ಬಿಸು ಎಂದು ರುಡೊಲ್ಫನಿಗೆ ಹೇಳಿ ಕಳುಹಿಸಿದೆ.

ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಮನೆಗೆ ಬಂದರೆ ಪಟ ಕೆಳಗೆ!

"ಧಡ್ ಅಂತ..." ಎಂದು ಗೆರ್ಟಿ ಶುರು ಮಾಡಿದಳು. "ಮಾಂಯ್ ಬಾವಿಕಟ್ಟೆಯಲ್ಲಿದ್ದರು. ಪುಣ್ಯಕ್ಕೆ ಬಿಸಿಲಿಗೆ ಹಾಕಿದ ಹಾಸಿಗೆಯನ್ನು ನಾನು ಆಗಷ್ಟೇ ತಂದು ಇಲ್ಲಿ..."

ನಾನು ಕೈ ಎತ್ತಿ ತಡೆದೆ. ಬೋಲ್ಟು ಗೋಡೆಯಲ್ಲಿ ಬೆರಳು ತೋರಿಸಿದ ಹಾಗೆ ನೆಟ್ಟಗೆ ನಿಂತಿತ್ತು. ತುದಿಯ ನಟ್ಟು ಮಾತ್ರ ಮಾಯ! ಹಾಸಿಗೆ ಮಗುಚಿದೆ, ಕಪಾಟಿನ ಕೆಳಗೆ ಪೊರಕೆ ಆಡಿಸಿದೆ, ಸಿಗಲಿಲ್ಲ. ಆಮೇಲೆ ಮೊಣಕಾಲೂರಿ ಪಟದ ಚೌಕಟ್ಟಿನ ನಾಲ್ಕು ಮೂಲೆಗೂ ಬೆರಳಿನಿಂದ ಬಡಿದು ಕಿವಿಗೊಟ್ಟೆ. ಟಣ್. ಟಣ್. ಟಣ್. ಟಣ್. ಒಂದು ಸಂದೂ ಬಿಟ್ಟಿರಲಿಲ್ಲ. ಹಂಚಿನ ಕಿವಿ ಸುಳ್ಳು ಹೇಳುವುದಿಲ್ಲ. ಈ ಪಟ ಬಿದ್ದದ್ದಲ್ಲ, ಯಾರೋ ಇಳಿಸಿದ್ದು!

ಮಾಯಿಲಪ್ಪ ಗೋಡೆಯ ಆಚೆಯಿಂದ ಕೈ ಹಾಕಿ ಈಚೆಯ ನಟ್ಟು ಬಿಚ್ಚಲು ಸಾಧ್ಯವಿಲ್ಲ. ಹಾಗಾದರೆ ಕಳ್ಳ ಮನೆಯೊಳಗೇ ಉಂಟು. ಮನೆಯಲ್ಲಿ ಇರುವುದು ಮೂವರು. ನಾನು ಕಾರ್ಖಾನೆಯಲ್ಲಿದ್ದೆ, ಅದಕ್ಕೆ ಸಾಕ್ಷಿ ಉಂಟು. ಗೆರ್ಟಿ? ಛೆ, ಹೆಂಡತಿಯನ್ನು ಸಂಶಯಿಸುವಷ್ಟು ಕೀಳು ಮನುಷ್ಯ ನಾನಲ್ಲ. (ಅದೂ ಅಲ್ಲದೆ ಅವಳಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ ಎಂದು ನಂಬಿದ್ದೆ.) ಉಳಿದವರು ಯಾರು? ಆಣೆ ಹಾಕಿದವರು ಯಾರು? ನನ್ನ ಆರಾಮ ಕುರ್ಚಿಯಲ್ಲಿ ಆರಾಮವಾಗಿ ಇರುವವರು ಯಾರು?

ನಡುಮನೆಯಲ್ಲಿ ಕೋರ್ಟು ಕೂತಿತು. ನಾನು ನಿಂತೇ ಇದ್ದೆ, ಕುರ್ಚಿ ಆರೋಪಿಯ ಬಳಿ ಇತ್ತು.

"ಮಾಂಯ್," ಅಂದೆ, "ನಿಮಗೆ ಇಲ್ಲಿ ಇರುವ ಮನಸ್ಸಿದ್ದರೆ ಬಾಯಿ ಬಿಟ್ಟು ಹೇಳಬಹುದಿತ್ತು. ದೇವರ ಪಟದ ಹತ್ತಿರ ಆಟ ಆಡಬಾರದಿತ್ತು."

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಎದ್ದು ನಿಂತ ಪರಿಗೆ ನಾನು ಎರಡು ಹೆಜ್ಜೆ ಹಿಂದೆ ಹೋದೆ.

"ನಾನಾ? ಇಲ್ಲಿ ಇರ್ಲಿಕ್ಕೆ ನನಗೆ ಮನಸ್ಸಾ? ಊರಲ್ಲಿ ನನ್ನ ಗೇರುಬೀಜ ಬಿದ್ದು ಹಾಳಾಗ್ತಾ ಉಂಟು. ಕೋಳಿಗಳನ್ನು ಮುಂಗುಸಿ ಹಿಡೀತದೆ. ಹಂದಿ ಮರಿ ಹಾಕುವ ಹೊತ್ತು! ಇಲ್ಲಿ ಕೂತು ನಾನು ದಿನಾ ಅಳ್ತಾ ಇದ್ದೇನೆ. ನಾನು ಸಂಶಯಪಟ್ಟದ್ದು ನಿನ್ನನ್ನು, ಪುತಾ!"

"ನನ್ನನ್ನಾ?"

"ಮತ್ತೆ? ದಿನಾ ಬೆಳಿಗ್ಗೆ ಎದ್ದು, ಮುಖ ಕೂಡ ತೊಳೆಯದೆ, ಕಳ್ಳನ ಹಾಗೆ ಪಟದ ಹಿಂದೆ ಕೈ ಹಾಕುವುದು ಯಾರು? ನಾನು ಚಾದರದೊಳಗಿಂದ ಎಲ್ಲ ನೋಡಿದ್ದೇನೆ. ರಾತ್ರಿ ಊಟಕ್ಕೆ ಕೂತು, ಮಾಂಯ್ ಸಾನ್ನಾಂ ಮಾಡಿ, ಮಾಂಯ್ ಬಂಗುಡೆಗೆ ಹುಳಿಮೆಣಸು ಅರೀರಿ, ಇನ್ನೊಂದು ಸೌಟು ಹಾಕಿ ಅನ್ನುವುದು ಯಾರು? ಪುಕ್ಕಟೆಗೆ ಅಡುಗೆಯವಳು ಸಿಕ್ಕಿದಳು, ಬಿಡಬಾರದು ಅಂತ ನೀನೇ ಸ್ಕ್ರೂ ಬಿಚ್ಚುವುದು ಅಂತ ಎಣಿಸಿದ್ದೆ. ಅಳಿಯ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಈಗ ನನ್ನ ಮೇಲೆಯೇ ಹಾಕ್ತೀಯಾ? ಸಾಯ್ಬಾ ದೇವಾ!"

ಹೀಗೆ ಹೇಳಿ ಅತ್ತೆ ನಿಜವಾಗಿಯೂ ಅತ್ತರು. ದೊಡ್ಡ ಹೆಂಗಸು, ಸಣ್ಣ ಮಕ್ಕಳ ಹಾಗೆ ಬಿಕ್ಕಿದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಗೆರ್ಟಿ ಓಡಿ ಬಂದು, "ಮಾಂಯ್, ಅಳಬೇಡಿ ಮಾಂಯ್," ಎನ್ನುತ್ತಾ ತನ್ನ ಸೆರಗಿನಿಂದ ತಾಯಿಯ ಕಣ್ಣು ಒರೆಸಲು ಹೋದಳು. ಸೆರಗಿನ ತುದಿಯಲ್ಲಿ ಗಂಟಿತ್ತು. ಚಿಲ್ಲರೆಯನ್ನೂ ಬೀಗದ ಕೈಯನ್ನೂ ಅವಳು ಅಲ್ಲೇ ಗಂಟು ಹಾಕಿಕೊಳ್ಳುವುದು. ಗಂಟು ಅತ್ತೆಯ ಮೂಗಿಗೆ ಟಕ್ಕೆಂದು ಬಡಿಯಿತು.

"ಆಯ್ಯಾ! ಎಂತ ಕಲ್ಲು ಕಟ್ಟಿಕೊಂಡಿದ್ದೀ ಸೆರಗಿನಲ್ಲಿ?" ಅತ್ತೆ ಅಳು ನಿಲ್ಲಿಸಿ ಗಂಟು ಬಿಚ್ಚಿದರು.

ನಟ್ಟು ನೆಲಕ್ಕೆ ಬಿದ್ದು, ಉರುಳಿ, ಇಡೀ ನಡುಮನೆ ದಾಟಿ, ನನ್ನ ಕಾಲಿನ ಹೆಬ್ಬೆರಳಿಗೆ ತಾಗಿ ಮಲಗಿತು.

ಗೋಡೆಯ ಆಚೆಯಿಂದ ಕುಶಲಾರ ಸ್ವರ ಬಂತು: "ಗೆರ್ಟಿಯಕ್ಕಾ, ಸಿಕ್ಕಿಬಿದ್ರಾ?"

"ಹೌದು, ನಾನೇ," ಅಂದಳು ಗೆರ್ಟಿ. ಹೆದರಿದ ಹಾಗೆ ಕಾಣಲಿಲ್ಲ. "ಮೊದಲನೆಯದು ನಾನಲ್ಲ, ಅದು ನಿಮ್ಮದೇ ಕೈಗುಣ. ಎರಡನೆಯದನ್ನು ದೋಸೆ ಸಟ್ಟುಗದ ತುದಿಯಿಂದ ಬಿಚ್ಚಿದೆ. ನಟ್ಟಿಗೆ ನಿಮ್ಮದೇ ಸ್ಪ್ಯಾನರ್. ದಿನಾ ಬಾವಿಯಿಂದ ಎರಡೆರಡು ಕೊಡ ಎತ್ತುವವಳಿಗೆ ಒಂದು ಪಟ ಎಂತ ಭಾರ? ಮೆಲ್ಲ ಇಳಿಸಿ ಹಾಸಿಗೆಯಲ್ಲಿ ಮಲಗಿಸಿದೆ."

"ಆದರೆ ಯಾಕೆ?"

"ಮಾಂಯ್ ಬಂದ ಮೇಲೆ ಈ ಮನೆಗೆ ಸಂಜೆ ಬಂತು, ಅದಕ್ಕೆ. ಮಾಂಯ್‌ಗೆ ಹೆದರಿ ನೀವು ಹೊತ್ತಿಗೆ ಮನೆಗೆ ಬರ್ತೀರಿ. ಒಟ್ಟಿಗೆ ತೇರ್ಸ್ ಹೇಳ್ತೀರಿ, ಒಟ್ಟಿಗೆ ಊಟಕ್ಕೆ ಕೂರ್ತೀರಿ. ಮೊನ್ನೆ ಕಾರ್ಖಾನೆಯಲ್ಲಿ ಆಡು ನುಗ್ಗಿದ ಕಥೆ ಹೇಳಿ ನಗಿಸಿದಿರಿ. ನಿಮಗೆ ಕಥೆ ಹೇಳ್ಲಿಕ್ಕೆ ಬರ್ತದೆ ಅಂತ ನನಗೆ ಗೊತ್ತಾದದ್ದೇ ಅವತ್ತು. ಮಾಂಯ್ ಹೋದರೆ ನೀವು ಪುನಃ ರುಡೊಲ್ಫನ ಮನೆಗೆ. ಶನಿವಾರ ಮಾತ್ರವಾ? ಸೋಮವಾರವೂ, ಗುರುವಾರವೂ! ನಾನು ಇಲ್ಲಿ ಒಬ್ಬಳೇ ಕೂತು ಈ ಗೋಡೆಯ ಹತ್ತಿರ ಮಾತಾಡಬೇಕು."

"ಗೋಡೆಯ ಹತ್ತಿರ?"

"ಗೋಡೆಗಾದರೂ ಕಿವಿ ಉಂಟು. ನಾನು ಇಲ್ಲಿ ಮಾತಾಡಿದರೆ ಆಚೆಯಿಂದ ಕುಶಲಾ ಹುಂ ಅಂತಾಳೆ. ನಿಮ್ಮ ಹುಂಗಿಂತ ಆ ಹುಂನಲ್ಲಿ ಜೀವ ಉಂಟು. ಹಂಚಿನ ಕೂದಲೆಳೆ ಬಿರುಕು ಕೇಳುವ ಕಿವಿ ನಿಮ್ಮದು. ಮದುವೆಯಾದ ದಿನದಿಂದ 'ಕೇಳಿತಾ, ಕೇಳಿತಾ' ಅಂತ ಕರೀತಾ ಇದ್ದೇನೆ. ಒಂದು ದಿನ ನಿಮಗೆ ಕೇಳಿತಾ?"

ನಾನು ಹುಂ ಅನ್ನಲು ಬಾಯಿ ತೆರೆದು, ನೆನಪಾಗಿ, ಮುಚ್ಚಿದೆ. ನಾಚಿಕೆಯಾಯಿತು. ಕಿವಿ ಬಿಸಿಯಾಯಿತು. ಇಡೀ ಊರನ್ನು ಬಡಿದು ನೋಡಿದವನು ನಾನು, ಮನೆಯೊಳಗಿನ ಒಂದೇ ಒಂದು ಹಂಚನ್ನು ಬಡಿದು ನೋಡಿರಲಿಲ್ಲ. ಗೋಡೆಯ ಆಚೆಯಿಂದ ಮಾಯಿಲಪ್ಪನ ಸ್ವರವೂ ಬಂತು: "ಪೊರ್ಬುಗಳೇ, ಏನಾದರೂ ಉತ್ತರ ಕೊಡಿ ಮಾರಾಯ್ರೆ. ನಾವು ಇಲ್ಲಿ ಕಾಯ್ತಾ ಇದ್ದೇವೆ."

ಉತ್ತರ ಕೊಟ್ಟದ್ದು ಅತ್ತೆ. ಕಣ್ಣು ಮೂಗು ಒರೆಸಿಕೊಂಡು, ನಟ್ಟು ಹೆಕ್ಕಿ, "ಸ್ಪ್ಯಾನರ್ ತಾ," ಅಂದರು. ನಾನು ತಂದು ಕೊಟ್ಟೆ. ಪಟವನ್ನು ತಾಯಿ ಮಗಳೇ ಎತ್ತಿ ತೂಗು ಹಾಕಿದರು. ನಟ್ಟನ್ನು ಅತ್ತೆ ತಾವೇ ಬಿಗಿದರು, ನನಗಿಂತ ಎರಡು ಸುತ್ತು ಜಾಸ್ತಿ.

"ಬೋಲ್ಟು ಅಲುಗಾಡಲಿಲ್ಲ, ಅಲುಗಾಡಿಸಿದ್ದು ಮಗಳು. ಅಲ್ಲಿಗೆ ನನ್ನ ಆಣೆ ಮುಗಿಯಿತು, ದೇವರಿಗೆ ಅರ್ಥ ಆಗ್ತದೆ. ನಾಳೆ ಮೊದಲ ಬಸ್ಸಿಗೆ ನಾನು ಊರಿಗೆ." ಆಮೇಲೆ ಸ್ಪ್ಯಾನರನ್ನು ನನಗಲ್ಲ, ಗೆರ್ಟಿಯ ಕೈಗೆ ಕೊಟ್ಟರು. "ಇದು ನಿನ್ನ ಹತ್ತಿರ ಇರಲಿ. ಪಟ ಕೆಳಗೆ ಬಂತು ಅಂತ ಸುದ್ದಿ ಬಂದರೆ ನಾನು ಪುನಃ ಬರ್ತೇನೆ. ಎರಡು ದಿನಕ್ಕಲ್ಲ. ಕೋಳಿ, ಹಂದಿ, ಮರಿ ಎಲ್ಲ ಕಟ್ಟಿಕೊಂಡು ಬರ್ತೇನೆ. ಇದೂ ದೇವರಾಣೆ!"

ಆದಿತ್ಯವಾರ ಅತ್ತೆ ಹೋದರು. ಆರಾಮ ಕುರ್ಚಿ ನನಗೆ ಮರಳಿತು. ಸಾನ್ನಾಂ ನಿಂತಿತು. ಸಂಜೆ ನಾನು ಹೊತ್ತಿಗೆ ಮನೆಗೆ ಬಂದು ಪೇಪರನ್ನು ಮಡಚಿಟ್ಟು ಕೂರುತ್ತೇನೆ. ಗೆರ್ಟಿಗೆ ಇಸ್ಪೀಟು ಕಲಿಸಿದ್ದೇನೆ, ಮಾಯಿಲಪ್ಪನೂ ಕುಶಲಾರೂ ಕೆಲವು ಸಂಜೆ ಬಂದು ಕೂರುತ್ತಾರೆ. ಹೆಂಗಸರಿಬ್ಬರು ಒಂದು ಪಕ್ಷ, ಪ್ರತಿ ಸಲ ಅವರದೇ ಗೆಲುವು. ಏನೋ ಸನ್ನೆ ಮಾಡಿಕೊಳ್ಳುತ್ತಾರೆ ಎಂದು ನಮ್ಮಿಬ್ಬರಿಗೂ ಬಲವಾದ ಸಂಶಯ ಉಂಟು. ಇಬ್ಬರಲ್ಲಿ ಒಬ್ಬರಿಗೂ ಬಾಯಿ ಬಿಡುವ ಧೈರ್ಯವಿಲ್ಲ.

ಮೊನ್ನೆ ಶನಿವಾರ ಮಾತ್ರ ಸೈತಾನ ಹೊಕ್ಕ. ಎಡ್ವಿನ್‌ಗೆ ಜ್ವರ, ಕುರ್ಚಿ ಖಾಲಿ ಉಂಟು ಎಂದು ರುಡೊಲ್ಫ್ ಹೇಳಿ ಕಳುಹಿಸಿದ್ದ. ಒಂದೇ ಒಂದು ಸಲ, ಒಂದು ಗಂಟೆ, ಯಾರಿಗೆ ಗೊತ್ತಾಗುತ್ತದೆ? ಜಗಲಿಯಲ್ಲಿ ಕೂತು ಸದ್ದಿಲ್ಲದೆ ಒಂದು ಶೂ ಹಾಕಿದೆ. ಎರಡನೆಯದನ್ನೂ ಹಾಕಿ ಲಾಡಿ ಕಟ್ಟುತ್ತಿದ್ದೆ. ಗೆರ್ಟಿ ಒಳಗಿನ ಕೋಣೆಯಿಂದ ಹಾಸಿಗೆ ಎಳೆದು ತಂದಳು. ಅದನ್ನು ಪಟದ ಕೆಳಗೆ ನೀಟಾಗಿ ಹಾಸಿ, ಸುಕ್ಕು ಬಿಡಿಸಿ, ನನ್ನ ಕಡೆ ತಿರುಗಿದಳು.

"ಕೇಳಿತಾ?"

"ಕೇಳಿತು," ಎಂದು ಶೂ ಬಿಚ್ಚಿದೆ.